ಓಂಕಾಳಿನ ಡಬ್ಬಿ

ಋತು ಬದಲಾದ ದಿನ ಯಾರ ಮನೆಯ ಬಾಗಿಲೂ ಸುಮ್ಮನೆ ತೆರೆಯುವುದಿಲ್ಲ. ತುಳಸಿ, ಶುಂಠಿ, ಲಾವಂಚ ಕುದಿಸಿ, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಆ ಹಬೆಗೆ ಮುಖವೊಡ್ಡಿ ಸಂಕಲ್ಪ ಹೇಳಬೇಕು. ಮನೆ ಹಬೆಯನ್ನು ಮೂಸುತ್ತದೆ. ಮಾತು ನಿಜವಾಗಿದ್ದರೆ ಬಾಗಿಲ ಮೇಲಿನ ದೀಪ ಹಸಿರಾಗುತ್ತದೆ. ಎಲ್ಲರದ್ದೂ ಹಸಿರಾದ ಮೇಲೇ ಬಾಗಿಲು.

ನಾಗವೇಣಿ ಮದುವೆಯಾಗಿ ಬಂದ ಮೇಲೆ ಇದು ಮೊದಲ ಋತು. ಗಂಡ ಶ್ರೀಕಂಠ ತನ್ನದನ್ನು ಮುಗಿಸಿ, ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ.

"ಈ ಮನೆಯಲ್ಲಿ ಸಂತೋಷವಾಗಿರ್ತೀನಿ," ಎಂದಳು ಮೂರನೇ ಸಲ. ದೀಪ ಕೆಂಪಾಗೇ ಇತ್ತು.

"ಅಷ್ಟು ಹೇಳೋಕೆ ಏನು ಕಷ್ಟ ನಿಂಗೆ? ಮನಸ್ಸಿಟ್ಟು ಹೇಳು!" ಶ್ರೀಕಂಠ ರೇಗಿದ.

ನಿಜವಾದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಬಾಗಿಲೇನೋ ತೆರೆಯುತ್ತಿತ್ತು. ಆದರೆ ಹೋಗುವುದೆಲ್ಲಿಗೆ?

ಅತ್ತೆ ಎದ್ದು ಬಂದರು. ಅಡುಗೆಮನೆಯಲ್ಲೇ ಎಲ್ಲಕ್ಕಿಂತ ದೊಡ್ಡದಾದ ಓಂಕಾಳಿನ ಡಬ್ಬಿ ತೆರೆದು, ಮಗನಿಗೆ ಬೆನ್ನು ಮಾಡಿ, ಒಂದು ಚಿಟಿಕೆ ಪಾತ್ರೆಗೆ ಉದುರಿಸಿದರು.

"ಈ ಘಾಟಿಗೆ ಮನೆಯ ಮೂಗು ಕಟ್ಟುತ್ತೆ," ಎಂದು ಪಿಸುಗುಟ್ಟಿದರು. "ಈಗ ಹೇಳು."

ಹೇಳಿದಳು. ದೀಪ ಹಸಿರಾಯಿತು.

"ನೋಡಿದ್ಯಾ, ಮನಸ್ಸಿಟ್ಟರೆ ಆಗುತ್ತೆ!" ಶ್ರೀಕಂಠ ನಕ್ಕ.

ಈಗ ಅತ್ತೆಯ ಸರದಿ. ಅರ್ಧ ಡಬ್ಬಿಯನ್ನೇ ಪಾತ್ರೆಗೆ ಸುರಿದು, ಸೊಸೆ ಹೇಳಿದ ಮಾತನ್ನೇ ಹೇಳಿದರು. ಬಾಗಿಲು ತೆರೆಯಿತು, ಮಗ ಹೊರಟುಹೋದ.

ಕಣ್ಣುರಿಯಲ್ಲಿ ನಾಗವೇಣಿ ಅತ್ತೆಯನ್ನೇ ನೋಡಿದಳು. "ಅಷ್ಟೊಂದು ಬೇಕಾ, ಅತ್ತೆ?"

ಅತ್ತೆ ಡಬ್ಬಿಯನ್ನು ಅವಳ ಕೈಗೆಟುಕುವ ಹಾಗೆ ಕಟ್ಟೆಯ ಮೇಲಿಟ್ಟರು.

"ನಂಗೂ ಮೊದಲ ವರ್ಷ ಚಿಟಿಕೆ ಸಾಕಾಗ್ತಿತ್ತು."