ಎರಡನೇ ಬ್ರೇಕ್

“ನೋಡಿದ್ಯಾ, ಬಾಯಿ ಬಿಡಲಿಲ್ಲ! ಆಟ ಅಂದ್ರೆ ಇದು!” ಎನ್ನುತ್ತ ಡ್ರೈವಿಂಗ್ ಸ್ಕೂಲಿನ ಮೇಷ್ಟರು ಸೋಫಾದ ಅಂಚಿಗೆ ಬಂದು ಕೂತರು. ಟಿವಿಯಲ್ಲಿ, ಒಬ್ಬೊಬ್ಬರನ್ನೇ ಮನೆಗೆ ಕಳಿಸುವ ಆಟದ ಹೊಸ ಸೀಸನ್ನಿನ ಮೊದಲ ಕಂತು. ಹದಿನಾಲ್ಕು ಜನ ಅಪರಿಚಿತರು ದೊಡ್ಡದೊಂದು ಮನೆಯ ಹಜಾರದಲ್ಲಿ ಕೈಕುಲುಕಿ ಹೆಸರು ಹೇಳಿಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ ಕೈಕಟ್ಟಿ ನಿಂತವಳು ಮೇಷ್ಟರ ಮಗಳು. ಅದೇ ಮಗಳು ಈಗ ಅವರ ಪಕ್ಕದಲ್ಲಿ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದಳು.

ಶೂಟಿಂಗಿಗೆಂದು ಹೋದವಳು ನಲವತ್ತು ದಿನ ಕಳೆದ ಮೇಲೆ, ತಿಂಗಳ ಹಿಂದೆ ಮನೆಗೆ ಬಂದಿದ್ದಳು. ಕಂತು ಪ್ರಸಾರವಾಗುವ ತನಕ ಮನೆಯವರಿಗೂ ಏನೂ ಹೇಳಕೂಡದೆಂದು ಟಿವಿಯವರು ಸಹಿ ಹಾಕಿಸಿಕೊಂಡಿದ್ದರು. ನಲವತ್ತು ದಿನವೆಂದರೆ ಕೊನೆಯ ಸುತ್ತೇ ಸೈ ಎಂದು ಮೇಷ್ಟರು ತಾವೇ ತೀರ್ಮಾನಿಸಿ, ಕಾರು ಕಲಿಯಲು ಬಂದವರಿಗೆಲ್ಲ ಗೇರಿನ ಜೊತೆ ಅದನ್ನೂ ಹೇಳಿ ಮುಗಿಸಿದ್ದರು.

ಮಗಳು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವವಳು. ನಡುಗುತ್ತ ಬಂದವರ ಮುಂದೆ ಆ ಡಾಕ್ಟರನ್ನೇ ಅಣಕಿಸಿ, ನಗಿಸಿ, ಕುರ್ಚಿಗೆ ಕಳಿಸುವುದರಲ್ಲಿ ಎತ್ತಿದ ಕೈ. ಅದರ ವಿಡಿಯೋ ನೋಡಿಯೇ ಟಿವಿಯವರು ಕರೆದದ್ದು. ಹಿಂದಿನ ಒಂಬತ್ತು ಸೀಸನ್ನನ್ನೂ ಅರೆದು ಕುಡಿದಿದ್ದ ಮೇಷ್ಟರು, ಅವಳು ಹೊರಡುವ ಮುಂಚೆ ವಾರವಿಡೀ ಪಾಠ ಮಾಡಿದ್ದರು. “ಮೊದಲನೇ ದಿನ ಕಣ್ಣಿಗೆ ಬಿದ್ದವರೇ ಮೊದಲು ಮನೆಗೆ ಹೋಗೋದು. ಹತ್ತು ದಿನ ತುಟಿ ಪಿಟಕ್ ಅನ್ನಬೇಡ. ನಿನ್ನ ಅಣಕ ಗಿಣಕ ಎಲ್ಲ ಗಂಟುಕಟ್ಟಿ ಇಡು. ಆಮೇಲೆ ಬಿಚ್ಚುವೆಯಂತೆ.”

ಪರದೆಯ ಮೇಲೆ ಮಗಳು ಏನಾದರೂ ಹೇಳಲು ಹೊರಟಾಗಲೆಲ್ಲ ಮೇಷ್ಟರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದು ಇಪ್ಪತ್ತಾರು ವರ್ಷದ ಚಾಳಿ. ಕಲಿಸುವ ಕಾರಿನಲ್ಲಿ ಮೇಷ್ಟರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಬಸ್ಸಿನಲ್ಲಿ ಕೂತರೂ, ಹಲ್ಲು ಕೀಳಿಸಿಕೊಳ್ಳುವಾಗಲೂ ಕಾಲು ಅದನ್ನೇ ಹುಡುಕುತ್ತಿತ್ತು. ಮನೆಯಲ್ಲಿ ಇದೊಂದು ಮುಗಿಯದ ತಮಾಷೆ.

“ಮೂಲೇಲಿ ಮುಖ ಗಂಟು ಹಾಕ್ಕೊಂಡು ನಿಂತಿದ್ದಾಳಲ್ಲ, ಅವಳ್ಯಾರೋ?” ಎಂದು ಅಜ್ಜಿ ಕನ್ನಡಕ ಒರೆಸಿಕೊಂಡು ಕೇಳಿದಳು.

“ನಿನ್ನ ಮೊಮ್ಮಗಳು ಕಣಮ್ಮ!”

“ಸುಮ್ನಿರೋ. ನಮ್ಮ ಹುಡುಗಿ ಹೀಗಿಲ್ಲ.”

ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ತಲೆಯೆತ್ತಲಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ಪೈಲ್ವಾನನೊಬ್ಬ ಕೂತ ಕುರ್ಚಿ ಲಟಕ್ಕನೆ ಮುರಿದು, ಆ ಮನೆಯೆಲ್ಲ ಗೊಳ್ಳೆಂದಿತು. ಕಿಟಕಿಯ ಪಕ್ಕದ ಹುಡುಗಿಯ ಕೆನ್ನೆ ಉಬ್ಬಿತು, ಏನೋ ನಾಲಿಗೆಯ ತುದಿಗೆ ಬಂತು. ಮೇಷ್ಟರ ಕಾಲು ನೆಲ ಒತ್ತಿತು. ಅವಳು ಬಾಯಿ ಮುಚ್ಚಿಕೊಂಡಳು. “ನುಂಗಿಕೊಂಡಳು ನೋಡು! ಈ ಪೈಲ್ವಾನ ಇವತ್ತೇ ಗಂಟುಮೂಟೆ ಕಟ್ತಾನೆ, ಬರೆದಿಟ್ಕೊ. ಎಲ್ಲರ ಕಣ್ಣೂ ಅವನ ಮೇಲೇ ಇದೆ,” ಎಂದರು ಮೇಷ್ಟರು.

ಕಂತಿನ ಕೊನೆಗೆ ಒಬ್ಬೊಬ್ಬರೂ ಒಂದೊಂದು ಹೆಸರು ಬರೆದ ಹಲಗೆ ಎತ್ತಿ ಹಿಡಿದರು. ಮೊದಲನೆಯದರಲ್ಲಿ ಮಗಳ ಹೆಸರಿತ್ತು. ಎರಡನೆಯದರಲ್ಲೂ. “ಇರು, ತಿರುಗುತ್ತೆ,” ಎಂದರು ಮೇಷ್ಟರು. ಐದನೆಯದಕ್ಕೆ ಅವರ ಬಲಗಾಲು ಮತ್ತೆ ನೆಲ ಒತ್ತಿತು. ಒಂಬತ್ತನೆಯ ಹಲಗೆ ಪೈಲ್ವಾನನದು. “ಪಾಪ, ತಪ್ಪೇನೂ ಮಾಡಿಲ್ಲ,” ಎಂದು ಅವನು ಸಂಕೋಚದಿಂದ ಹೇಳಿದ. “ಆದ್ರೆ ಇವರು ಯಾರು ಅಂತಲೇ ನಮಗೆ ಗೊತ್ತಾಗಲಿಲ್ಲ.”

ಹೊರಡುವ ಮುಂಚೆ ಒಂದು ಮಾತಾಡಿ ಎಂದು ನಿರೂಪಕ ಅವಳನ್ನು ಕೇಳಿದ. ಹುಡುಗಿ ಅಲ್ಲಿದ್ದ ಸೋಫಾದ ಅಂಚಿಗೆ ಕೂತು, ಬಲಗಾಲನ್ನು ನೆಲಕ್ಕೆ ಒತ್ತಿ, ಕತ್ತು ಉದ್ದ ಮಾಡಿ ಗುಡುಗಿದಳು: “ಕ್ಲಚ್ಚು! ಕ್ಲಚ್ಚು ಅಂದೆ! ಅದು ಹಾರನ್ನು ಕಣಮ್ಮಾ! ಹೋಗ್ಲಿ, ಹೆದರಬೇಡಿ, ನಾನಿದ್ದೀನಿ, ಬ್ರೇಕ್ ನನ್ನ ಕಾಲ ಕೆಳಗಿದೆ!” ಹದಿಮೂರು ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಪೈಲ್ವಾನ ಕಣ್ಣೊರೆಸಿಕೊಂಡ. “ಅಯ್ಯೋ, ಇದನ್ನ ಬೆಳಿಗ್ಗೆನೇ ಮಾಡಬಾರದಿತ್ತಾ ತಾಯಿ?”

“ಹಾಂ, ಇವಳು! ಇವಳು ನಮ್ಮ ಹುಡುಗಿ!” ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು. ಟಿವಿಯಲ್ಲಿ ಬಾಗಿಲು ಮುಚ್ಚಿತು.

ಮೇಷ್ಟರಿಗೆ ಮಗಳ ಕಡೆ ತಿರುಗಲು ಧೈರ್ಯ ಸಾಲಲಿಲ್ಲ. “ಮತ್ತೆ… ನಲವತ್ತು ದಿನ?”

“ಲಾಡ್ಜಲ್ಲಿದ್ದೆ. ಸೋತವರನ್ನ ಕೊನೇವರೆಗೂ ಅಲ್ಲೇ ಇಡ್ತಾರೆ, ಗುಟ್ಟು ಹೊರಗೆ ಹೋಗದ ಹಾಗೆ. ಮೊದಲನೇ ವಾರ ನಾನೊಬ್ಬಳೇ.” ಒಂದು ಬಟಾಣಿ ಕೈಜಾರಿ ನೆಲದ ಮೇಲೆ ಉರುಳಿತು. “ರೂಮಲ್ಲಿ ಕನ್ನಡಿ ಮುಂದೆ ನಿಂತು ಆ ಹದಿಮೂರು ಜನರನ್ನೂ ಅಣಕಿಸ್ತಿದ್ದೆ.”

ಒಂದು ತಿಂಗಳು ಬೀದಿಯುದ್ದಕ್ಕೂ ತಾವು ಕೊಚ್ಚಿಕೊಂಡಿದ್ದನ್ನೆಲ್ಲ ಇವಳು ಹೀಗೇ ತಲೆ ಬಗ್ಗಿಸಿ ಕೇಳಿಸಿಕೊಂಡಿದ್ದಾಳೆ ಎಂಬುದು ಮೇಷ್ಟರಿಗೆ ಆಗ ಹೊಳೆಯಿತು. “ನಾನೇ ಹಾಳು ಮಾಡಿದೆ ಕಣೇ,” ಎಂದರು.

“ಬಿಡಪ್ಪಾ, ನಿನ್ನ ಮಾತು ಕೇಳಿದೋಳು ನಾನೇ ತಾನೆ,” ಎಂದು ಅವಳು ಬಿದ್ದ ಬಟಾಣಿ ಹುಡುಕಲು ಬಗ್ಗಿದಳು. ಅದು ಉರುಳಿಕೊಂಡು ಹೋಗಿ ಅಪ್ಪನ ಬಲಗಾಲಿನ ಪಕ್ಕ ನಿಂತಿತ್ತು. ಕಾಲಿನ ನರ ಉಬ್ಬಿ, ಬೆರಳುಗಳು ಬೆಳ್ಳಗಾಗುವಷ್ಟು ನೆಲಕ್ಕೆ ಒತ್ತಿಕೊಂಡಿದ್ದವು. ಮಗಳು ಅದನ್ನು ನೋಡಿದಳು, ಪಾದದ ಮೇಲೆ ಮೆಲ್ಲಗೆ ಕೈಯಿಟ್ಟಳು.

“ಅಪ್ಪಾ, ಗಾಡಿ ಯಾವಾಗಲೋ ನಿಂತುಹೋಗಿದೆ. ಕಾಲು ತೆಗಿ.”