ರಾಣಿಯ ಸೀರೆ

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ನಜರ್‌ಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ದಸರೆಗೆ ಕೂರಿಸುವ ರಾಜ-ರಾಣಿ ಜೋಡಿಯ ಪಟ್ಟದ ಗೊಂಬೆಗಳು ಅಜ್ಜಿಗೆ ಅವರ ತಾಯಿಯಿಂದ ಬಂದಿದ್ದವು. ಯಾವುದೋ ಜಗಳದ ಸಿಟ್ಟಿಗೆ ಅವರ ತಂಗಿ ರಾಜನನ್ನು ಎತ್ತಿಕೊಂಡು ಹೋಗಿದ್ದರು. ಅಕ್ಕನ ಮನೆಯಲ್ಲಿ ಗೊಂಬೆ ಕೂರಬಾರದು ಎಂಬುದೇ ಅವರ ಹಟ. ಆದರೆ ಜೋಡಿಯಿಲ್ಲದೆ ಪಟ್ಟದ ಗೊಂಬೆ ಕೂರಿಸುವಂತಿಲ್ಲ. ಹಾಗಾಗಿ ಹಬ್ಬ ಬಂದರೂ ಎರಡು ಮನೆಗಳಲ್ಲೂ ಗೊಂಬೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಆ ದಿನ ಅಜ್ಜಿ ರಾಣಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ನನ್ನ ಕೈ ಹಿಡಿದು ನಜರ್‌ಬಾದಿನಲ್ಲಿದ್ದ ತಂಗಿಯ ಮನೆಗೆ ನಡೆದರು. ರಾಜನನ್ನು ತರಲು ಹೋಗುತ್ತಿದ್ದೇವೆ ಎಂದುಕೊಂಡಿದ್ದೆ.

ಬಾಗಿಲು ತೆರೆದ ಚಿಕ್ಕಜ್ಜಿ, “ರಾಜನ್ನ ಕೇಳೋಕೆ ಬಂದಿದ್ರೆ ಕೊಡಲ್ಲ ಕಣಕ್ಕ,” ಎಂದರು.

“ಕೇಳೋಕಲ್ಲ ಕಣೆ. ಇವಳನ್ನೂ ನೀನೇ ಇಟ್ಕೊ. ಒಂದು ಮನೇಲಾದ್ರೂ ಕೂತ್ಕೊಳ್ಳಲಿ,” ಎಂದು ಅಜ್ಜಿ ಗಂಟನ್ನು ಮುಂದೆ ಹಿಡಿದರು.

ಚಿಕ್ಕಜ್ಜಿ ಒಳಗಿನಿಂದ ಪೆಟ್ಟಿಗೆ ತಂದು ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. ರಾಜ ಹೊಸ ರೇಷ್ಮೆ ಉಟ್ಟಿದ್ದ. ಅವನ ಪಕ್ಕದಲ್ಲಿ, ಅದೇ ರೇಷ್ಮೆಯಲ್ಲಿ ಹೊಲಿದ ಗೇಣುದ್ದದ ಸೀರೆಯೊಂದು ಮಡಿಸಿಟ್ಟಿತ್ತು.

“ಇದ್ಯಾವಾಗ ಹೊಲಿದ್ಯೇ?” ಎಂದರು ಅಜ್ಜಿ.

“ಹೋದ ದಸರಾಗೆ. ತಂದುಕೊಡೋಕೆ ಮುಖ ಇರ್ಲಿಲ್ಲ.”

ಅಜ್ಜಿ ಹೊಸಿಲು ದಾಟಿ ಒಳಗೆ ಕುಳಿತು, ರಾಣಿಯನ್ನು ತಂಗಿಯ ಮಡಿಲಲ್ಲಿ ಇಟ್ಟರು. “ನೀನೇ ಉಡಿಸು. ನಂಗೆ ಕಣ್ಣು ಮಂಜಾಗಿದೆ,” ಎಂದರು.