ಪಕ್ಕದ ಕುರ್ಚಿ

ಕರವಸ್ತ್ರವನ್ನು ಮೂಗಿಗೆ ಒತ್ತಿದಷ್ಟೂ ನಾತ ಹೆಚ್ಚುತ್ತಿತ್ತು. ಟೈಲರಕ್ಕ ಮುಖವನ್ನು ಅತ್ತ ತಿರುಗಿಸಿದಳು. ಪಕ್ಕದ ಕುರ್ಚಿಯಲ್ಲಿ ಮೀನಿನವನು ಕಣ್ಣು ಮುಚ್ಚಿ, ಏನೂ ಅರಿಯದವನ ಹಾಗೆ ಕೂತಿದ್ದ. ಒದ್ದೆ ಕೂದಲು, ಇಸ್ತ್ರಿ ಮಾಡಿದ ಅಂಗಿ. ಎಲ್ಲಾ ನಾಟಕ. ದಿನವಿಡೀ ಮಾರುಕಟ್ಟೆಯಲ್ಲಿ ಮೀನು ಕೊಯ್ಯುವವನ ಮೈ ಒಂದು ಬಕೆಟ್ ನೀರಿಗೆ ತೊಳೆದುಹೋಗುತ್ತದೆಯೇ?

ಗಂಡ ಹೋದ ಮೇಲೆ ಅವಳಿಗೆ ನೆಮ್ಮದಿ ಅಂತ ಉಳಿದಿದ್ದದ್ದು ಪ್ರಾರ್ಥನಾ ಮಂದಿರದ ಈ ಒಂದು ಗಂಟೆ. ಈಗ ಅದಕ್ಕೂ ಕಲ್ಲು ಬಿದ್ದಿತ್ತು.

ಮಂದಿರದಲ್ಲೊಂದು ರೂಢಿ. ತಿಂಗಳ ಮೊದಲ ದಿನ ಎಲ್ಲರೂ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಬೇಕು. ಅದರಲ್ಲಿ ಯಾರ ಹೆಸರಿದೆಯೋ ಅವರಿಗೆ ತಿಂಗಳಿಡೀ ಗುಟ್ಟಾಗಿ ಒಳಿತು ಮಾಡಬೇಕು. ಕೊನೆಯ ದಿನ ಚೀಟಿ ವಾಪಸು ಕೊಟ್ಟರೆ ಹಿರಿಯರು ಓದಿ ಹೇಳುತ್ತಾರೆ. ಟೈಲರಕ್ಕನಿಗೆ ಹಾರ್ಮೋನಿಯಂ ತಾತನ ಹೆಸರು ಬಂದಿತ್ತು. ಅವನಿಗೊಂದು ದಿಂಬಿನ ಕವರು ಹೊಲಿದಿಟ್ಟು, ಆ ಗುಟ್ಟನ್ನು ನಾಲ್ಕೇ ನಾಲ್ಕು ಜನರಿಗೆ ಹೇಳಿದ್ದಳು.

ಮೀನಿನವನು ಪಕ್ಕದಲ್ಲಿ ಕೂರತೊಡಗಿದ್ದು ಎರಡನೆಯ ತಾರೀಖಿನಿಂದ. ಮೊದಲು ಅಲ್ಲಿ ಕೂರುತ್ತಿದ್ದ ನರ್ಸಮ್ಮ, ಸೆಖೆಯೆಂದು ಹಿಂದಿನ ವಾರವೇ ಫ್ಯಾನಿನಡಿಗೆ ಹೋಗಿದ್ದಳು. ಈಗ ಈ ಸಾಲಿಗೇ ಯಾರೂ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ಮೊಮ್ಮಗಳು ಸಹ ಅಜ್ಜಿಯ ಮಡಿಲಿಗೆ ಬರುವುದನ್ನು ಬಿಟ್ಟಿದ್ದಳು. ದರಿದ್ರದವನ ನಾತ ಮೈಗಂಟಿಕೊಂಡು ಮನೆಯವರೆಗೂ ಬರುತ್ತಿತ್ತಲ್ಲ!

"ನಿಂಗೆ ಬೇರೆ ಜಾಗ ಸಿಗಲಿಲ್ವಾ?" ಒಂದು ದಿನ ಕೇಳಿಯೇಬಿಟ್ಟಳು.

"ಇಲ್ಲೇ ಇರ್ತೀನಿ ಅಕ್ಕ. ಮೀನಿನವನು ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ. ಯಾರೂ ಏನೂ ಅಂದ್ಕೊಳಲ್ಲ." ಅವಳ ಕೆನ್ನೆ ನೋಡಿ ಹೇಳಿದ, "ದವಡೆ ಊದಿದೆಯಲ್ಲ, ಡಾಕ್ಟರಿಗೆ ತೋರಿಸಿದ್ರಾ?"

"ಅಧಿಕಪ್ರಸಂಗ ಬೇಡ." ಅವಳು ನೋಯುವ ಹಲ್ಲಿನ ಮೇಲಿಟ್ಟಿದ್ದ ಲವಂಗವನ್ನು ಇನ್ನಷ್ಟು ಬಲವಾಗಿ ಕಚ್ಚಿದಳು.

ಮರುದಿನವೇ ಹಿರಿಯರ ಮುಂದೆ ಹೋಗಿ ನಿಂತಳು. "ಕಣ್ಣು ಮುಚ್ಚಿದ್ರೆ ದೇವರ ಬದಲು ಮೀನು ಕಾಣುತ್ತೆ. ಅವನಿರಬೇಕು, ಇಲ್ಲಾ ನಾನಿರಬೇಕು."

ಹಿರಿಯರು ಮೀನಿನವನನ್ನು ಬಾಗಿಲ ಬಳಿಗೆ ಕರೆದು ಮಾತಾಡಿದರು. ಅವನು ವಾದಿಸಲಿಲ್ಲ. ಮಡಚಿದ ಚೀಟಿಯನ್ನು ಅವರ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಇನ್ನು ಬರುವುದಿಲ್ಲವೆಂದು ತಿಳಿದು ಟೈಲರಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಿಂಗಳ ಕೊನೆಯ ದಿನ. ಖಾಲಿ ಕುರ್ಚಿಯ ಪಕ್ಕ ನೆಮ್ಮದಿಯಾಗಿ ಕೂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡಳು.

ಅದೇ ನಾತ.

ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ನರ್ಸಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕುರ್ಚಿಯನ್ನು ಮೆಲ್ಲಗೆ ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಹಿರಿಯರು ಚೀಟಿಗಳನ್ನು ಬಿಚ್ಚತೊಡಗಿದ್ದರು. "ಇದು ಮೀನಿನವನು ಎತ್ತಿದ್ದ ಚೀಟಿ," ಎಂದು ಅದನ್ನು ಬೆಳಕಿಗೆ ಹಿಡಿದು ಓದಿದರು.

"ಟೈಲರಕ್ಕ."